ಜೋಗಿಮಟ್ಟಿ ಕಾಡು ನಕ್ಷೇಲಿ ಹೂಕೋಸಿನ ಹೊಲ ಆಗೈತೆ, ಜಿಂಪಲ್ಲಿ ಮರ ಬಿಡ್ಸೋದು ಹೆಂಗೆ ಹೇಳ್ರಪ್ಪ

ಕೋಟೆಬದಿ_ಹುಡುಗ · ಚಿತ್ರದುರ್ಗ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮೂರ ಸ್ಕೂಲಿನ ಗೋಡೆಗೆ ಅಂತ ದುರ್ಗದ ಸುತ್ತಮುತ್ತಲಿಂದು ಒಂದು ನಕ್ಷೆ ಬಿಡಿಸ್ತಿದೀನಿ, ಫೋನಲ್ಲಿ ನೋಡ್ತೀವಲ್ಲ ಆ ಥರದ್ದಲ್ಲ, ಹಳೇ ಕಾಲದ ಕೈಲಿ ಬಿಡಿಸಿದ ನಕ್ಷೇಲಿ ಬೆಟ್ಟ ಬೆಟ್ಟದಂಗೆ ಕೋಟೆ ಕೋಟೆಯಂಗೆ ಕಾಣುತ್ತಲ್ಲ ಅಂಥದ್ದು. ಏಳು ಸುತ್ತಿನ ಕೋಟೆ ಆಯ್ತು, ಚಂದ್ರವಳ್ಳಿ ಕೆರೆ ಆಯ್ತು, ಬಂಡೆಗಳಂತೂ ಭಾಳ ಚೆನ್ನಾಗಿ ಬಂದವೆ (ದುರ್ಗದೋನಿಗೆ ಬಂಡೆ ಬಿಡಿಸೋಕೆ ಯಾರೂ ಹೇಳ್ಕೊಡೋದು ಬೇಕಿಲ್ಲ). ಸಿಕ್ಕಾಕ್ಕೊಂಡಿರೋದು ಕೆಳಗಡೆ ಜೋಗಿಮಟ್ಟಿ ಹತ್ರ ಬಂದಾಗ. ಜಿಂಪಲ್ಲಿ (ಕಂಪ್ಯೂಟರಲ್ಲಿ ಚಿತ್ರ ಬಿಡಿಸೋ ಸಾಫ್ಟ್‌ವೇರು) ಒಂದು ಮರ ಬಿಡಿಸ್ದೆ, ಚೆನ್ನಾಗೇ ಇತ್ತು, ಅದನ್ನೇ ಕಾಪಿ ಪೇಸ್ಟ್ ಕಾಪಿ ಪೇಸ್ಟ್ ಅಂತ ಒಂದು ಇನ್ನೂರು ಸಲ ಹಾಕಿದ ಮೇಲೆ ನೋಡಿದ್ರೆ ಕಾಡಿನಂಗಿಲ್ಲ, ನಮ್ಮಜ್ಜಿ ಸೀರೆ ಬುಟ್ಟಾ ಇದ್ದಂಗೈತೆ. ನನ್ ತಂಗಿ ಬಂದು ನೋಡಿ "ಏನಣ್ಣ ಹೂಕೋಸಿನ ಹೊಲ ಬಿಡಿಸಿದೀಯ" ಅಂದ್ಲು. ಅದನ್ನ ಅಳಿಸಿ ಬರೀ ಹಸಿರು ತುಂಬಿಸಿ ಮೇಲೆ ಒಂಚೂರು ನಾಯ್ಸ್ (ಚುಕ್ಕೆಚುಕ್ಕೆ ಕಾಣೋ ಎಫೆಕ್ಟು) ಹಾಕ್ದೆ, ಈಗ ರೊಟ್ಟಿಗೆ ಬೂಷ್ಟು ಬಂದಂಗೈತೆ. ಎರಡು ವಾರದಿಂದ ಇದೇ ಪಾಡು. ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ‍್ಯಾಮ್, ಪೆನ್ ಟ್ಯಾಬ್ಲೆಟ್ ಇಲ್ಲ, ಮೌಸೇ ಗತಿ. ಯಾರಾದ್ರೂ ದಾರಿ ತೋರಿಸ್ರಪ್ಪ.

ಪಿಕ್ಸೆಲ್_ಪುರಾಣ · ದಾವಣಗೆರೆ · ಭಾನುವಾರ ರಾತ್ರಿ 10:25

ಕಾಪಿ ಪೇಸ್ಟ್ ಬಿಡ್ರಿ ಮೊದ್ಲು. ನಿಮ್ ಕಣ್ಣಿಗೆ ಒಂದೇ ಆಕಾರ ಮೂರು ಸಲ ಕಂಡ್ರೆ ಸಾಕು, ಅದು ಡಿಸೈನ್ ಅಂತ ಅದಕ್ಕೆ ಗೊತ್ತಾಗಿಬಿಡ್ತೈತಿ, ಆಮೇಲೆ ಎಷ್ಟು ಹಾಕಿದ್ರೂ ಕಾಡು ಆಗಲ್ಲ.

ಜಿಂಪಲ್ಲಿ ಇದಕ್ಕೆ ಅಂತಾನೇ ಒಂದು ವ್ಯವಸ್ಥೆ ಐತಿ, ಜಿಐಎಚ್ ಬ್ರಶ್ ಅಂತಾರ, ಇಮೇಜ್ ಹೋಸ್ ಅಂತಾನೂ ಅಂತಾರ, ಪೈಪಲ್ಲಿ ನೀರು ಬಿಟ್ಟಂಗೆ ಚಿತ್ರ ಬಿಡೋದು. ಹೆಂಗಂದ್ರೆ, 100 ಪಿಕ್ಸೆಲ್ ಅಗಲ 120 ಎತ್ತರದ ಒಂದು ಹೊಸ ಫೈಲ್ ತಗೊಳ್ರಿ, ಹಿಂದುಗಡೆ ಟ್ರಾನ್ಸ್‌ಪರೆಂಟ್ ಇರ್ಲಿ, ಒಂದೊಂದು ಲೇಯರಲ್ಲಿ (ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆ ಅನ್ಕೊಳ್ರಿ) ಒಂದೊಂದು ಮರ ಬಿಡಿಸ್ರಿ. ಒಂದು ಎಂಟ್ಹತ್ತು ಸಾಕು. ಒಂದು ದಪ್ಪ, ಒಂದು ಸಣಕಲ, ಒಂದು ಎಡಕ್ಕೆ ವಾಲಿದ್ದು, ಒಂದು ಅರ್ಧ ಒಣಗಿದ್ದು, ಹಿಂಗೆ. ಎಲ್ಲಾದರ ಬುಡ ಮಾತ್ರ ಒಂದೇ ಮಟ್ಟಕ್ಕಿರ್ಲಿ. ಆಮೇಲೆ ಎಕ್ಸ್‌ಪೋರ್ಟ್ ಮಾಡೋವಾಗ ಹೆಸರಿನ ಕೊನೆಗೆ ಡಾಟ್ ಜಿಐಎಚ್ ಅಂತ ಕೊಟ್ರೆ ಒಂದು ಡೈಲಾಗ್ ಬರ್ತೈತಿ. ಅದರಾಗ ಡೈಮೆನ್ಷನ್ 1, ರ‍್ಯಾಂಕ್ ಅನ್ನೋ ಜಾಗದಾಗ ಎಷ್ಟು ಮರ ಬಿಡಿಸಿರ್ತೀರೋ ಆ ನಂಬರ್, ಪಕ್ಕದಾಗ ರ‍್ಯಾಂಡಮ್. ಇನ್‌ಕ್ರಿಮೆಂಟಲ್ ಇಟ್ರೆ ಒಂದು ಎರಡು ಮೂರು ಅಂತ ಸಾಲಾಗಿ ಬಂದು ಮತ್ತೆ ಮೊದ್ಲಿಂದ ಸುರು ಆಗ್ತೈತಿ, ಮತ್ತೆ ಅದೇ ಸೀರೆ ಬುಟ್ಟಾ. ಆ್ಯಂಗ್ಯುಲರ್ ಇಟ್ರೆ ನೀವು ಕೈ ಯಾವ ಕಡೆ ಎಳೀತೀರೋ ಅದರ ಮೇಲೆ ಮರ ಬದಲಾಗ್ತೈತಿ, ಅದು ಬ್ಯಾರೆ ಮಜಾ, ಈಗ ಬ್ಯಾಡ. ಫೈಲನ್ನ ಜಿಂಪಿನ ಬ್ರಶಸ್ ಫೋಲ್ಡರಿಗೆ ಹಾಕಿ ಬ್ರಶ್ ಡಬ್ಬಿ ಕೆಳಗಿನ ರಿಫ್ರೆಶ್ ಒತ್ರಿ, ಬಂದುಬಿಡ್ತೈತಿ.

ಇನ್ನೊಂದು ಮಾತು, ಕಲರ್ ಮೋಡ್ ಆರ್‌ಜಿಬಿನೇ ಇರ್ಲಿ. ಗ್ರೇಸ್ಕೇಲಲ್ಲಿ ಮಾಡಿದ್ರೆ ಬ್ರಶ್ಶು ನೀವು ಆರಿಸಿರೋ ಬಣ್ಣ ತಗೊಳ್ತೈತಿ, ಬಿಡಿಸಿದ ಬಣ್ಣ ಬರಲ್ಲ. ಸ್ಪೇಸಿಂಗ್, ಅಂದ್ರೆ ಮರಮರದ ನಡುವಿನ ದೂರ, 50-60 ಪರ್ಸೆಂಟಿಂದ ಸುರು ಮಾಡಿ ನೋಡ್ರಿ. ಟೂಲ್ ಆಪ್ಷನಲ್ಲಿ ಜಿಟ್ಟರ್ ಅಂತ ಒಂದೈತಿ, ಒಂಚೂರು ಹಾಕಿದ್ರೆ ಮರಗಳು ಗೆರೆ ಹಿಡಿದು ನಿಲ್ಲಲ್ಲ. ಮೌಸಾದ್ರೂ ಪರವಾಗಿಲ್ಲ, ಒಂದೊಂದೇ ಕ್ಲಿಕ್ ಮಾಡಿದ್ರೆ ಇನ್ನೂ ಚಂದ.

ಮಂಡಕ್ಕಿ_ಮಿರ್ಚಿ · ದಾವಣಗೆರೆ · ಭಾನುವಾರ ರಾತ್ರಿ 10:31

ಹೂಕೋಸಿನ ಹೊಲ 😂 ತಂಗಿಗೆ ಒಂದು ಪ್ಲೇಟ್ ಮಿರ್ಚಿ ಕೊಡ್ಸಪ್ಪ ನನ್ ಲೆಕ್ಕದಾಗ

ಗುರು ಫೋಟೋಶಾಪಲ್ಲೂ ಇದೇ ಥರ ಆಗ್ತೈತಾ? ನಾನು ಆಫೀಸಿನಾಗ ಅದೇ ಬಳಸೋದು

ಪಿಕ್ಸೆಲ್_ಪುರಾಣ · ದಾವಣಗೆರೆ · ಭಾನುವಾರ ರಾತ್ರಿ 10:44

ಫೋಟೋಶಾಪಲ್ಲಿ ಈ ಹೋಸ್ ಇಲ್ಲಪ್ಪ. ಡಿಫೈನ್ ಬ್ರಶ್ ಪ್ರಿಸೆಟ್ ಅಂತ ಮಾಡಬಹುದು, ಆದ್ರೆ ಒಂದು ಬ್ರಶ್ಶಿಗೆ ಒಂದೇ ಚಿತ್ರ, ಅದೂ ಬಣ್ಣ ಇಲ್ದೆ ಬರೀ ಕಪ್ಪು ಬಿಳುಪು. ಅದರ ಬದಲು ಶೇಪ್ ಡೈನಾಮಿಕ್ಸಲ್ಲಿ ಸೈಜ್ ಜಿಟ್ಟರ್, ಸ್ಕ್ಯಾಟರಿಂಗ್, ಕಲರ್ ಡೈನಾಮಿಕ್ಸಲ್ಲಿ ಹ್ಯೂ ಜಿಟ್ಟರ್ ಇಟ್ಟು ಅಪ್ಲೈ ಪರ್ ಟಿಪ್ ಟಿಕ್ ಮಾಡಿದ್ರೆ ಮರಮರಕ್ಕೂ ಹಸಿರು ಬದಲಾಗ್ತೈತಿ. ಮೇಲಿಂದ ನೋಡೋ ಥರದ ಮರಕ್ಕೆ ಅದು ಸಾಕು, ನಿಂತ ಮರಕ್ಕೆ ಸಾಲಲ್ಲ. ಆ್ಯಂಗಲ್ ಜಿಟ್ಟರ್ ಮಾತ್ರ ನಿಂತ ಮರಕ್ಕೆ ಹಾಕ್ಬ್ಯಾಡ, ಮರ ತಲೆಕೆಳಗಾಗಿ ನಿಲ್ತಾವು, ನಾನು ಮಾಡ್ಕೊಂಡಿದೀನಿ. ಫಿಲ್ಟರ್, ರೆಂಡರ್, ಟ್ರೀ ಅಂತ ರೆಡಿ ಮರಾನೂ ಅದಾವು, ಆದ್ರೆ ಅವು ಮನೆ ಪ್ಲಾನಿನ ಎಲಿವೇಶನ್‌ಗೆ ಹಾಕೋ ಥರದವು, ನಕ್ಷೇಲಿ ಸಣ್ಣದು ಮಾಡಿದ್ರೆ ಕಲಸಿಹೋಗ್ತಾವು. ಕ್ರಿತಾ ಅಂತ ಇನ್ನೊಂದು ಚಿತ್ರ ಬಿಡಿಸೋ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತೈತಿ, ಅದು ಜಿಐಎಚ್ ಫೈಲ್ ಓದ್ತೈತಿ, ಅದನ್ನ ಹಾಕ್ಕೋ.

ಕೋಟೆಬದಿ_ಹುಡುಗ · ಚಿತ್ರದುರ್ಗ · ಮಂಗಳವಾರ ರಾತ್ರಿ 11:05

ಪಿಕ್ಸೆಲ್ ಅಣ್ಣ, ನಿಮ್ ಹೊಟ್ಟೆ ತಣ್ಣಗಿರ್ಲಿ, ಒಂಬತ್ತು ಮರ ಬಿಡಿಸಿ ಬ್ರಶ್ ಮಾಡ್ದೆ, ಕೆಲಸ ಮಾಡ್ತೈತೆ! ಆದ್ರೆ ಎರಡು ತೊಂದರೆ ಅವೆ. ಒಂದು, ಮುಂದಿನ ಮರದೊಳಗಿಂದ ಹಿಂದಿನ ಮರದ ಗೆರೆ ಕಾಣ್ತೈತೆ, ಎಲ್ಲಾ ಸೇರಿ ಬಲೆ ಥರ ಆಗೈತೆ. ಎರಡು, ಕೆಲವು ಕಡೆ ಬೆಟ್ಟದ ತುದೀಲಿರೋ ಮರ ಬುಡದಲ್ಲಿರೋ ಮರದ ಮೇಲೆ ಹತ್ತಿ ಕೂತೈತೆ, ದೂರದ್ದು ಹತ್ರದ್ದನ್ನ ಮುಚ್ಚಾಕ್ತೈತೆ. ನೋಡಿದ್ರೆ ಮರದ ಮೇಲೆ ಮರ ಬೆಳೆದಂಗೈತೆ. ಸ್ಕ್ರೀನ್‌ಶಾಟ್ ಹಾಕಿದೀನಿ ನೋಡ್ರಿ.

ಪಿಕ್ಸೆಲ್_ಪುರಾಣ · ದಾವಣಗೆರೆ · ಮಂಗಳವಾರ ರಾತ್ರಿ 11:20

ಎರಡೂ ಎಲ್ಲರೂ ಮಾಡೋ ತಪ್ಪೇ. ಮೊದಲನೇದು, ಬರೀ ಗೆರೇಲಿ ಬಿಡಿಸಿದೀರಿ, ಹೊಟ್ಟೆ ಖಾಲಿ ಐತಿ. ಪ್ರತಿ ಲೇಯರಲ್ಲೂ ಗೆರೆ ಒಳಗೆ ಕಾಗದದ ಬಣ್ಣಾನೋ ತಿಳಿ ಹಸಿರೋ ತುಂಬ್ರಿ, ಹೊರಗೆ ಮಾತ್ರ ಖಾಲಿ ಇರ್ಲಿ, ಮತ್ತೆ ಎಕ್ಸ್‌ಪೋರ್ಟ್ ಮಾಡ್ರಿ. ತುಂಬಿದ್ದು ಗೆರೆ ಆಚೆಗೆ ಒಂದು ಪಿಕ್ಸೆಲ್ ಬಂದ್ರೂ ಬೆಳ್ಳನೆ ಅಂಚು ಕಾಣ್ತೈತಿ, ಝೂಮ್ ಮಾಡಿ ನೋಡ್ಕೊಳ್ರಿ.

ಎರಡನೇದಕ್ಕೆ ಮೇಲಿಂದ ಕೆಳಕ್ಕೆ ಬರಬೇಕು, ಯಾವತ್ತೂ. ಕಾಡಿನ ಮೇಲಿನ ಅಂಚಿಂದ ಎಡದಿಂದ ಬಲಕ್ಕೆ ಒಂದು ಸಾಲು, ಅದರ ಕೆಳಗೆ ಇನ್ನೊಂದು, ಗೋಡೆಗೆ ಸುಣ್ಣ ಬಳೀತಾರಲ್ಲ ಹಂಗೆ. ಬ್ರಶ್ಶಿಗೆ ಯಾವುದು ಹಿಂದೆ ಯಾವುದು ಮುಂದೆ ಗೊತ್ತಿಲ್ಲ, ಕೊನೆಗೆ ಬಿದ್ದಿದ್ದು ಮೇಲೆ ಕೂರ್ತೈತಿ ಅಷ್ಟೇ. ಮಧ್ಯದಾಗ ಒಂದು ಮರ ಬಿಟ್ಹೋದ್ರೆ ಅಲ್ಲಿಗೆ ಹೋಗಿ ಹಾಕ್ಬ್ಯಾಡ್ರಿ, ಆ ಖಾಲಿ ಜಾಗಾನೂ ಚಂದಾನೇ ಕಾಣ್ತೈತಿ. ಬೇಕಂದ್ರೆ ಕಾಡನ್ನ ಮೂರು ಪಟ್ಟಿ ಮಾಡಿ ಮೂರು ಲೇಯರಲ್ಲಿ ಹಾಕ್ರಿ, ತಪ್ಪಿದ್ರೆ ಒಂದು ಪಟ್ಟಿ ಮಾತ್ರ ಅಳಿಸಬಹುದು.

ಜಾಲಿಮುಳ್ಳು · ಜಗಳೂರು · ಬುಧವಾರ ಬೆಳಗ್ಗೆ 6:50

ನೀವು ಹಾಕಿರೋ ಸ್ಕ್ರೀನ್‌ಶಾಟ್ ನೋಡ್ದೆ. ಬೇಜಾರಾಗ್ಬ್ಯಾಡ್ರಿ, ಒಂದು ಮಾತು ಕೇಳ್ತೀನಿ, ಇದು ಯಾವೂರ ಕಾಡು? ಜೋಗಿಮಟ್ಟಿ ಅಂತ ಬರ್ದೀರಿ, ಬಿಡಿಸಿರೋದು ಆಗುಂಬೆ. ದುಂಡುದುಂಡು ಮರ, ಒಂದಕ್ಕೊಂದು ಅಂಟ್ಕೊಂಡು, ನೆಲಾನೇ ಕಾಣಲ್ಲ. ನಾನು ಬಾಟನಿ ಓದಿದೋಳು, ಜೋಗಿಮಟ್ಟಿಗೆ ಎಷ್ಟು ಸಲ ಹೋಗಿದೀನೋ ಲೆಕ್ಕ ಇಟ್ಟಿಲ್ಲ, ನಮ್ ಕಡೆ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದಾಗ ಓಡಾಡಿದೀನಿ. ನಮ್ ಕಾಡಲ್ಲಿ ಮೊದ್ಲು ಕಾಣೋದು ಮರ ಅಲ್ರಿ, ಮರದ ನಡುವಿನ ಜಾಗ. ಒಣಹುಲ್ಲು, ಕೆಂಪು ಮಣ್ಣು, ಬಂಡೆ, ಅದರ ಮಧ್ಯೆ ಕುರುಚಲು, ಅಲ್ಲಲ್ಲಿ ಒಂದೊಂದು ಮರ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್ ನೋಡ್ರಿ, ಹಸಿರು ಬಳಿದು ಸುಮ್ನಾಗಲ್ಲ ಅವರು, ಅದರ ಮೇಲೆ ಓಪನ್ ಸ್ಕ್ರಬ್, ಡೆನ್ಸ್ ಮಿಕ್ಸ್ಡ್ ಜಂಗಲ್ ಅಂತ ಬಿಡಿಸಿ ಬರೀತಾರೆ. ಕಾಡು ಅಂದ್ರೆ ಒಂದೇ ಥರ ಇರಲ್ಲ ಅಂತ ನಕ್ಷೆ ಮಾಡೋರಿಗೆ ಅವತ್ತಿಂದಾನೇ ಗೊತ್ತು.

ನಿಮ್ ಬ್ರಶ್ಶು ಎಸೀಬ್ಯಾಡ್ರಿ, ಮರ ಬದಲಾಯಿಸ್ರಿ. ಬಿಳಿಜಾಲಿ ಐತಲ್ಲ, ಮೇಲೆ ಚಪ್ಪಟೆ, ಬಿಚ್ಚಿದ ಛತ್ರಿ ಥರ, ಎರಡು ಗೆರೇಲಿ ಬಿಡಿಸಬಹುದು. ಕಳ್ಳಿ, ದೀಪದ ಕಂಬದಂಗೆ ಕವಲು ಕವಲಾಗಿ ಮೇಲಕ್ಕೆ. ಈಚಲು, ಗರಿ ಚೆಲ್ಲಿದಂಗೆ, ಅದನ್ನ ಹಳ್ಳದ ಬದೀಲಿ ಮಾತ್ರ ಹಾಕ್ರಿ, ಬೆಟ್ಟದ ನೆತ್ತಿ ಮೇಲೆ ಹಾಕಿದ್ರೆ ಊರೋರು ನಗ್ತಾರೆ. ದಿಂಡಿಗ, ಕಮರ ಇವು ಎತ್ತರ, ಕೊಂಬೆ ಸ್ವಲ್ಪ ಜೋಲು. ಬಂದರಿಕೆ, ತಂಗಡಿ, ಸೀತಾಫಲ, ಕಾರೆ ಇವೆಲ್ಲ ಮರ ಅಲ್ಲ, ಗಿಡ, ಮೂರು ಚುಕ್ಕೆ ಒಂದು ಗೀಟು ಸಾಕು. ಆಲ ಹುಣಸೆ ಊರ ಹತ್ರ, ಗುಡಿ ಹತ್ರ, ಒಂಟಿಯಾಗಿ, ದೊಡ್ಡದಾಗಿ.

ಇನ್ನು ದಟ್ಟ ಎಲ್ಲಿ ಅಂದ್ರೆ ಕಣಿವೇಲಿ. ಮಳೆ ನೀರು ಇಳಿಯೋ ಹಳ್ಳದ ಗೆರೆ ಹಿಡಿದು ಮರ ಒತ್ತಾಗಿ ಹಾಕ್ರಿ, ಅಲ್ಲಿಂದ ಇಳಿಜಾರು ಹತ್ತಿದಂಗೆಲ್ಲ ಚದುರ್ತಾ ಹೋಗ್ಲಿ, ನೆತ್ತಿ ಮೇಲೆ ಬಂಡೆ ಮತ್ತೆ ಹುಲ್ಲು. ಇಷ್ಟು ಮಾಡಿದ್ರೆ ಹೆಸರು ಬರೀದಿದ್ರೂ ದುರ್ಗದ ಕಾಡು ಅಂತ ಗೊತ್ತಾಗುತ್ತೆ.

ಮಂಡಕ್ಕಿ_ಮಿರ್ಚಿ · ದಾವಣಗೆರೆ · ಬುಧವಾರ ಬೆಳಗ್ಗೆ 9:15

ಅಕ್ಕಾರೆ ನೀವು ಹೇಳೋದು ಸರಿನೇ ಆದ್ರೆ ಇದು ನಕ್ಷೆ ರೀ, ಫೋಟೋ ಅಲ್ವಲ್ಲ. ನಕ್ಷೇಲಿ ಮರ ಅಂದ್ರೆ ಒಂದು ಗುರುತು. ಸ್ಕೂಲ್ ಮಕ್ಕಳಿಗೆ ಹಸಿರು ದುಂಡು ಮರ ಕಂಡ್ರೆ ಕಾಡು ಅಂತ ತಕ್ಷಣ ಗೊತ್ತಾಗ್ತೈತಿ, ಮೂರು ಚುಕ್ಕೆ ಒಂದು ಗೀಟು ಹಾಕಿದ್ರೆ ಇರುವೆ ಅಂತಾರೆ. ಲೆಜೆಂಡಲ್ಲಿ (ಯಾವ ಗುರುತು ಏನು ಅಂತ ಹೇಳೋ ಪಟ್ಟಿ) ಬರ್ದು ಬಿಟ್ರೆ ಮುಗೀತು

ಜಾಲಿಮುಳ್ಳು · ಜಗಳೂರು · ಬುಧವಾರ ಮಧ್ಯಾಹ್ನ 1:30

ಗುರುತು ಅನ್ನೋದು ಒಪ್ಪಿದೆ. ಆದ್ರೆ ಯಾರ ಗುರುತು? ದುರ್ಗದ ಮಕ್ಕಳು ಸೀತಾಫಲ ಕಿತ್ಕೊಂಡು ಬರೋದು ಈ ಕಾಡಿಂದ, ಮುಳ್ಳು ಚುಚ್ಚಿಸ್ಕೊಳ್ಳೋದು ಈ ಕಾಡಲ್ಲಿ. ಅವಕ್ಕೆ ಛತ್ರಿ ಥರದ ಜಾಲಿ ತೋರಿಸಿದ್ರೆ ದುಂಡು ಮರಕ್ಕಿಂತ ಬೇಗ ಗೊತ್ತಾಗುತ್ತೆ. ದುಂಡು ಹಸಿರು ಮರ ಬೇರೆ ದೇಶದೋರ ನಕ್ಷೆಯಿಂದ ಬಂದಿದ್ದು, ಅವರಿಗೆ ಓಕ್ ಮರ ಹಂಗಿರುತ್ತೆ, ಅವರು ಹಂಗೆ ಬಿಡಿಸಿದ್ರು. ನಾವ್ಯಾಕೆ ಅದನ್ನೇ ಬಿಡಿಸ್ಬೇಕು?

ಬಣ್ಣಾನೂ ಅಷ್ಟೇ. ಮೊದ್ಲು ಯಾವ ತಿಂಗಳ ಕಾಡು ಅಂತ ತೀರ್ಮಾನ ಮಾಡ್ಕೊಳ್ರಿ. ಸೆಪ್ಟೆಂಬರ್ ಅಂದ್ರೆ ಹಸಿರು ಇರ್ಲಿ. ಮಾರ್ಚ್ ಅಂದ್ರೆ ಎಲೆ ಉದುರಿ ಕಂದು, ಅದರ ಮಧ್ಯೆ ಮುತ್ತುಗ ಮಾತ್ರ ಎಲೆ ಇಲ್ದೆ ಕೇಸರಿ ಹೂ ತುಂಬ್ಕೊಂಡು ನಿಂತಿರುತ್ತೆ. ಇಡೀ ನಕ್ಷೇಲಿ ನಾಲ್ಕೇ ನಾಲ್ಕು ಕೇಸರಿ ಮರ ಹಾಕಿ ನೋಡ್ರಿ ಆಮೇಲೆ ಮಾತಾಡಣ.

ಮಂಡಕ್ಕಿ_ಮಿರ್ಚಿ · ದಾವಣಗೆರೆ · ಬುಧವಾರ ಮಧ್ಯಾಹ್ನ 1:42

ಮುತ್ತುಗದ ಐಡಿಯಾಕ್ಕೆ ಸೋತೆ ಅಕ್ಕ 🙏 ಇರುವೆ ವಿಷಯದಾಗ ಮಾತ್ರ ಸೋತಿಲ್ಲ

ನಕ್ಷೆಹುಚ್ಚ · ಹಿರಿಯೂರು · ಬುಧವಾರ ರಾತ್ರಿ 8:10

ನಾನು ಆಟಕ್ಕೆ ಅಂತ ಇಲ್ಲದ ಊರಿನ ನಕ್ಷೆ ಬಿಡಿಸೋನು, ಅಲ್ಲಿ ಕಲ್ತಿದ್ದು ಎರಡು ಮಾತು ಹೇಳ್ತೀನಿ. ಕಾಡಿನ ಜೀವ ಇರೋದು ಅಂಚಲ್ಲಿ. ಒಳಗಡೆ ಎಲ್ಲಾ ಮರ ತುಂಬಿಸಬೇಕಾಗಿಲ್ಲ. ಅಂಚಿನ ಮರಗಳನ್ನ ಕಾಂಡ ಸಮೇತ ಚೆನ್ನಾಗಿ ಬಿಡಿಸಿ, ಒಳಗೆ ಅಲ್ಲಲ್ಲಿ ಬರೀ ನೆತ್ತಿಯ ಕಮಾನು ಗೆರೆ ಹಾಕಿದ್ರೆ ಮಿಕ್ಕಿದ್ದನ್ನ ನೋಡೋರ ಕಣ್ಣೇ ತುಂಬ್ಕೊಳ್ಳುತ್ತೆ. ಅಂಚು ಮಾತ್ರ ನೇರ ಇರಬಾರದು, ನಾಲಗೆ ಚಾಚಿದಂಗೆ ಹೊರಗೆ ಬರಬೇಕು, ಬಯಲು ಒಳಗೆ ನುಗ್ಗಬೇಕು, ಅಂಚಿಂದಾಚೆ ಎರಡ್ಮೂರು ಒಂಟಿ ಮರ ಬಿದ್ದಿರಬೇಕು, ಮಂದೆಯಿಂದ ಹಿಂದುಳಿದ ಕುರಿ ಥರ. ರಸ್ತೆ ಹೋಗೋ ಕಡೆ ಮಾತ್ರ ಅಂಚು ಕತ್ತರಿಸಿದಂಗೆ ನೆಟ್ಟಗಿದ್ರೆ ಅಲ್ಲಿ ಮನುಷ್ಯರು ಕಡಿದಿದಾರೆ ಅಂತ ಹೇಳಿದಂಗಾಗುತ್ತೆ.

ಮೇಲಿಂದ ನೋಡಿದ ಥರ ಬೇಕಂದ್ರೆ ಮರ ಬಿಡಿಸೋದೇ ಬೇಡ. ಒಂದು ಲೇಯರ್ ಹಸಿರು ತುಂಬಿ, ಇನ್ನೊಂದು ಲೇಯರಲ್ಲಿ ಫಿಲ್ಟರ್, ರೆಂಡರ್, ನಾಯ್ಸ್, ಸಾಲಿಡ್ ನಾಯ್ಸ್, ಅದರ ಎಕ್ಸ್ ವೈ ಸೈಜ್ ಪೂರ್ತಿ ಏರಿಸಿ, ಅದನ್ನ ಬಂಪ್ ಮ್ಯಾಪಾಗಿ (ಉಬ್ಬುತಗ್ಗು ತೋರಿಸೋ ಫಿಲ್ಟರ್) ಹಸಿರಿಗೆ ಕೊಟ್ರೆ ಗುಬ್ಬುಗುಬ್ಬಾಗಿ ಎದ್ದು ಬರುತ್ತೆ, ವಿಮಾನದಿಂದ ನೋಡಿದ ಕಾಡಿನಂಗೆ. ಆಮೇಲೆ ಲೇಯರ್ ಮಾಸ್ಕ್ ಹಾಕಿ ಒರಟು ಬ್ರಶ್ಶಲ್ಲಿ ಕಪ್ಪು ಬಳಿದು ಅಂಚು ತಿಂದುಬಿಡಿ, ಕೊನೆಗೆ ಡ್ರಾಪ್ ಶಾಡೋ. ಅಳಿಸಬೇಡಿ, ಮಾಸ್ಕೇ ಬಳಸಿ, ನಾಳೆ ಕಾಡು ವಾಪಸ್ ಬೇಕಂದ್ರೆ ಬಿಳಿ ಬಳಿದ್ರಾಯ್ತು (ನಿಜವಾದ ಕಾಡಿಗೂ ಈ ಸವಲತ್ತು ಇದ್ದಿದ್ರೆ). ಜಿಂಪ್ 3.0, 2025ರ ಮಾರ್ಚಲ್ಲಿ ಬಂದಿದ್ದು, ಅದರಲ್ಲಿ ಫಿಲ್ಟರ್ ಹಾಕಿದ ಮೇಲೂ ಸೆಟ್ಟಿಂಗ್ ಬದಲಾಯಿಸಬಹುದು, ಶಾಡೋ ಹೆಚ್ಚಾಯ್ತು ಅಂತ ಮೊದಲಿಂದ ಮಾಡೋ ಕರ್ಮ ಇಲ್ಲ.

ಬೆಳಕು ಮಾತ್ರ ಮೇಲೆ ಎಡಗಡೆಯಿಂದ, ನೆರಳು ಕೆಳಗೆ ಬಲಕ್ಕೆ. ಬೆಟ್ಟಕ್ಕೂ ಮರಕ್ಕೂ ಕೋಟೆಗೂ ಒಂದೇ ಕಡೆ.

ಕೋಟೆಬದಿ_ಹುಡುಗ · ಚಿತ್ರದುರ್ಗ · ಬುಧವಾರ ರಾತ್ರಿ 9:00

ಒಂದು ಡೌಟು. ನಕ್ಷೇಲಿ ಮೇಲೆ ಉತ್ತರ ಅಂದ್ರೆ ಮೇಲೆ ಎಡಗಡೆ ವಾಯುವ್ಯ ಆಯ್ತು. ಸೂರ್ಯ ಅಲ್ಲಿಂದ ಎಲ್ಲಿ ಬರ್ತಾನೆ? ನಮ್ ಸೈನ್ಸ್ ಮೇಷ್ಟ್ರು ನೋಡಿದ್ರೆ ಮೊದ್ಲು ಇದನ್ನೇ ಕೇಳ್ತಾರೆ.

ನಕ್ಷೆಹುಚ್ಚ · ಹಿರಿಯೂರು · ಬುಧವಾರ ರಾತ್ರಿ 9:35

ಕೇಳ್ಲಿ ಬಿಡಿ. ಅದು ಸೂರ್ಯನ ಲೆಕ್ಕ ಅಲ್ಲ, ಕಣ್ಣಿನ ಲೆಕ್ಕ. ಬೆಳಕು ಮೇಲಿಂದ ಬರುತ್ತೆ ಅಂತ ನಮ್ ಮಿದುಳು ಮೊದಲೇ ಅಂದ್ಕೊಂಡಿರುತ್ತೆ. ನೆರಳನ್ನ ಮೇಲಕ್ಕೆ ಹಾಕಿ ನೋಡಿ, ಬೆಟ್ಟ ಹಳ್ಳದಂಗೆ, ಹಳ್ಳ ಬೆಟ್ಟದಂಗೆ ಕಾಣುತ್ತೆ, ಬಂಪ್ ಮ್ಯಾಪಲ್ಲಿ ಅಜಿಮತ್ (ಬೆಳಕು ಬರೋ ದಿಕ್ಕಿನ ಕೋನ) ತಿರುಗಿಸಿದ್ರೆ ನಿಮ್ಮ ಕಣ್ಮುಂದೇನೆ ಮಗುಚ್ಕೊಳ್ಳುತ್ತೆ. ನಕ್ಷೆ ಮಾಡೋರು ಲಾಗಾಯ್ತಿಂದ ವಾಯುವ್ಯದ ಬೆಳಕು ಹಾಕ್ತಿರೋದು ಅದಕ್ಕೇ. ಜಿಂಪಲ್ಲೂ ಬಂಪ್ ಮ್ಯಾಪಿನ ಅಜಿಮತ್ ತಾನಾಗೇ 135 ಇರುತ್ತೆ, ಅಂದ್ರೆ ಎಡಗಡೆ ಮೇಲಿಂದ. ಮೇಷ್ಟ್ರಿಗೆ ಬೇಕಂದ್ರೆ ಹೇಳಿ, ಜೂನಲ್ಲಿ ಸಂಜೆ ಸೂರ್ಯ ನಮ್ ಕಡೆ ನೇರ ಪಶ್ಚಿಮದಲ್ಲಿ ಮುಳುಗಲ್ಲ, ಉತ್ತರಕ್ಕೆ ಚೆನ್ನಾಗೇ ವಾಲಿರ್ತಾನೆ, ಇದು ಜೂನ್ ಸಂಜೆ ನಕ್ಷೆ ಅಂತ.

ಫ್ಲೆಕ್ಸ್_ಮೆಷಿನ್_ಹಿಂದೆ · ದಾವಣಗೆರೆ · ಗುರುವಾರ ಮಧ್ಯಾಹ್ನ 3:20

ಎಲ್ಲಾ ಸರಿ, ಯಾವ ಸೈಜಿಗೆ ಮಾಡ್ತಿದೀರಿ ಅಂತ ಯಾರೂ ಕೇಳ್ಲಿಲ್ಲ ನೋಡ್ರಿ. ದಿನಾ ನಮ್ ಹತ್ರ ಬರ್ತಾರ, ಮೊಬೈಲ್ ಸ್ಕ್ರೀನ್ ಸೈಜಿನ ಫೈಲ್ ತಂದು ಹತ್ತಡಿ ಹೊಡಿ ಅಂತಾರ.

ಕೋಟೆಬದಿ_ಹುಡುಗ · ಚಿತ್ರದುರ್ಗ · ಗುರುವಾರ ಮಧ್ಯಾಹ್ನ 3:28

6 ಅಡಿ ಅಗಲ 4 ಅಡಿ ಎತ್ತರ ಸರ್. ಫೈಲ್ ಈಗ 3000 ಬೈ 2000 ಐತೆ 😬

ಫ್ಲೆಕ್ಸ್_ಮೆಷಿನ್_ಹಿಂದೆ · ದಾವಣಗೆರೆ · ಗುರುವಾರ ಸಂಜೆ 4:05

ಸಾಲಲ್ಲ. 6 ಅಡಿ ಅಂದ್ರೆ 72 ಇಂಚು, 100 ಡಿಪಿಐ (ಇಂಚಿಗೆ 100 ಚುಕ್ಕೆ) ಇಟ್ಕೊಂಡ್ರೆ 7200 ಬೈ 4800 ಪಿಕ್ಸೆಲ್ ಬೇಕು. ಪುಸ್ತಕಕ್ಕಾದ್ರೆ 300 ಬೇಕು, ಗೋಡೆ ಮೇಲಿನ ಫ್ಲೆಕ್ಸಿಗೆ 100 ಧಾರಾಳ ಆತು, ಮೂಗು ಹಚ್ಚಿ ಯಾರು ನೋಡ್ತಾರ (ಮಕ್ಕಳು ಹಚ್ತಾರ, ಅದು ಬ್ಯಾರೆ ಮಾತು). ನಿಮ್ದು 4 ಜಿಬಿ ಅಂದ್ರಿ, ಲೆಕ್ಕ ಹಾಕ್ರಿ, ಈ ಸೈಜಲ್ಲಿ ತುಂಬಿದ ಒಂದು ಲೇಯರಿಗೇ ಸುಮಾರು 138 ಎಂಬಿ ಮೆಮೊರಿ, ಇಪ್ಪತ್ತು ಲೇಯರ್ ಆದ್ರೆ 2.7 ಜಿಬಿ, ಲ್ಯಾಪ್‌ಟಾಪ್ ಕೈ ಎತ್ತಿಬಿಡ್ತೈತಿ. ಹಂಗಾಗಿ ಕಾಡನ್ನ ಬ್ಯಾರೆ ಫೈಲಲ್ಲಿ ಮಾಡ್ಕೊಂಡು, ಮುಗಿದ ಪಟ್ಟಿಗಳನ್ನ ಒಂದೇ ಲೇಯರ್ ಮಾಡಿ ತಂದು ಕೂರಿಸ್ರಿ. ಹಳೇ ಫೈಲ್ ಮಾತ್ರ ಇಟ್ಕೊಂಡಿರ್ರಿ.

ಮರದ ಸೈಜು, ಅರ್ಧ ಇಂಚಿಗಿಂತ ಸಣ್ಣದಿದ್ರೆ ನಾಲ್ಕು ಹೆಜ್ಜೆ ದೂರದಿಂದ ಮರ ಅನ್ಸಲ್ಲ, ಕೊಳೆ ಅನ್ಸುತ್ತೆ. 100 ಡಿಪಿಐಲಿ ಅರ್ಧ ಇಂಚು ಅಂದ್ರೆ 50 ಪಿಕ್ಸೆಲ್. ನಿಮ್ ಬ್ರಶ್ 100 ಐತಿ, ಒಳ್ಳೇದು, ಅದನ್ನ ದೊಡ್ಡದು ಮಾಡೋಕೆ ಹೋಗ್ಬ್ಯಾಡ್ರಿ ಮಸುಕಾಗ್ತೈತಿ, ಸಣ್ಣದು ಮಾಡಿದ್ರೆ ತೊಂದರೆ ಇಲ್ಲ. ಗೆರೆ 2 ಪಿಕ್ಸೆಲ್‌ಗಿಂತ ತೆಳ್ಳಗೆ ಬ್ಯಾಡ.

ಮತ್ತೆ ಹಸಿರು. ಸ್ಕ್ರೀನಲ್ಲಿ ಗಿಣಿ ಹಸಿರು ಹೊಳೀತೈತಿ, ನಮ್ ಮೆಷಿನ್ ಹೊಡೆಯೋದು ಸಿಎಂವೈಕೆ ಇಂಕಲ್ಲಿ, ಆ ಹೊಳಪು ಇಂಕಿಗೆ ಸಿಗಲ್ಲ, ಮಂಕಾಗ್ತೈತಿ. ಗಾಢ ಹಸಿರಿನ ಮೇಲೆ ಕಪ್ಪು ನೆರಳು ಹಾಕಿದ್ರಂತೂ ಎರಡೂ ಸೇರಿ ಟಾರ್ ಬಳಿದಂಗೆ ಬರ್ತೈತಿ. ನೆರಳಿಗೆ ಕಪ್ಪು ಬ್ಯಾಡ, ಗಾಢ ಕಂದೋ ನೀಲಿ ಹಸಿರೋ ತಗೊಂಡು ಮಲ್ಟಿಪ್ಲೈ (ಕೆಳಗಿನ ಬಣ್ಣಾನ ಗಾಢ ಮಾಡೋ ಮೋಡ್) ಇಟ್ಟು ಒಪಾಸಿಟಿ (ಎಷ್ಟು ಗಟ್ಟಿಯಾಗಿ ಕಾಣಬೇಕು ಅನ್ನೋದು) 40 ಮಾಡ್ರಿ. ಪೂರ್ತಿ ಹೊಡಿಸೋಕ್ಮುಂಚೆ ಕಾಡಿರೋ ಜಾಗದ್ದೇ ಒಂದಡಿ ಪೀಸ್ ಕತ್ತರಿಸಿ ಸ್ಯಾಂಪಲ್ ಹೊಡಿಸ್ರಿ. ಯಾರೂ ಹೊಡಿಸಲ್ಲ, ಆಮೇಲೆ ಬಂದು ನಮ್ ಮೇಲೆ ರೇಗ್ತಾರ.

ತೋಟದ_ಮನೆ · ಚನ್ನಗಿರಿ · ಗುರುವಾರ ರಾತ್ರಿ 9:50

ನಕ್ಷೆ ಭೀಮಸಮುದ್ರದ ಕಡೆ ಹೋಗೋದಾದ್ರೆ ಅಡಿಕೆ ಮರೀಬ್ಯಾಡ್ರಿ. ಅಡಿಕೆ ತೋಟ ಕಾಡಿನ ಬ್ರಶ್ಶಲ್ಲಿ ಹಾಕಿದ್ರೆ ತೋಟದೋರಿಗೆ ಅವಮಾನ. ತೋಟ ಅಂದ್ರೆ ಸಾಲು, ಅಡ್ಡ ನೋಡಿದ್ರೂ ಉದ್ದ ನೋಡಿದ್ರೂ ಮೂಲೆಯಿಂದ ನೋಡಿದ್ರೂ ಸಾಲು. ಇಲ್ಲಿ ನಿಮ್ ಹಳೇ ಕಾಪಿ ಪೇಸ್ಟೇ ಸರಿ. ಇಂಕ್‌ಸ್ಕೇಪ್ ಅನ್ನೋ ಚಿತ್ರದ ಸಾಫ್ಟ್‌ವೇರಲ್ಲಿ ಟೈಲ್ಡ್ ಕ್ಲೋನ್ಸ್ ಅಂತ ಐತಲ್ಲ, ಸಾಲು ಎಷ್ಟು ಕಾಲಮ್ ಎಷ್ಟು ಅಂತ ಕೊಟ್ರೆ ಒಂದೇ ಏಟಿಗೆ ತೋಟ ಹಾಕ್ಕೊಡ್ತೈತಿ, ನಾವು ಗುದ್ದಲಿ ಹಿಡಿದು ಎಷ್ಟು ದಿನ ಗುಣಿ ತೋಡ್ತೀವಿ. ಕಾಡು ಚೆಲ್ಲಾಪಿಲ್ಲಿ, ತೋಟ ಸಾಲು, ಅಕ್ಕಪಕ್ಕ ಇಟ್ರೆ ಲೆಜೆಂಡೇ ಬೇಕಾಗಲ್ಲ.

ಸೆಂಟ್ರಾಯ್ಡ್ · ಚಿತ್ರದುರ್ಗ · ಶುಕ್ರವಾರ ಬೆಳಗ್ಗೆ 10:10

ಕ್ಯೂಜಿಐಎಸ್ (ನಕ್ಷೆ ಮಾಡೋ ಸಾಫ್ಟ್‌ವೇರ್) ಗೊತ್ತಿರೋರಿಗೆ ಒಂದು ಮಾತು, ಕಾಡಿನ ಪಾಲಿಗನ್ (ಗಡಿ ಎಳೆದ ಆಕಾರ) ಇದ್ರೆ ರ‍್ಯಾಂಡಮ್ ಮಾರ್ಕರ್ ಫಿಲ್ ಅಂತ 3.12ರಿಂದ ಐತೆ, ಎಸ್‌ವಿಜಿ ಮರ ಕೊಟ್ರೆ ತಾನೇ ಚೆಲ್ಲುತ್ತೆ. ಪಾಲಿಗನ್ ಒಳಗೆ ರ‍್ಯಾಂಡಮ್ ಪಾಯಿಂಟ್ ಮಾಡ್ಕೊಂಡು ರೆಂಡರಿಂಗ್ ಆರ್ಡರ್ (ಯಾವುದು ಮೊದ್ಲು ಬೀಳಬೇಕು ಅನ್ನೋದು) ವೈ ಮೇಲೆ, ಅಂದ್ರೆ ಮೇಲಿಂದ ಕೆಳಕ್ಕೆ ಇಟ್ರೆ ಮೇಲೆ ಹೇಳಿದ ಹಿಂದುಮುಂದಿನ ಗಲಾಟೇನೂ ಇಲ್ಲ. ಆದ್ರೆ ಒಂದು ಶಾಲೆ ನಕ್ಷೆಗೆ ಅಷ್ಟೆಲ್ಲ ಬೇಡ, ಕೈಲೇ ಮಾಡಿ.

ಕೋಟೆಬದಿ_ಹುಡುಗ · ಚಿತ್ರದುರ್ಗ · ಮುಂದಿನ ಗುರುವಾರ ರಾತ್ರಿ 10:15

ವರದಿ ಒಪ್ಪಿಸ್ತಿದೀನಿ. ಮೊದಲಿಂದ ಮಾಡ್ದೆ, 7200 ಬೈ 4800. ಮೂರು ಬ್ರಶ್ ಆದ್ವು: ಕಣಿವೆಗೆ ದಿಂಡಿಗ ಕಮರ ಈಚಲು ಸೇರಿ ಏಳು ಮರ, ಇಳಿಜಾರಿಗೆ ಜಾಲಿ ಕಳ್ಳಿ ಸೇರಿ ಹನ್ನೊಂದು, ನೆತ್ತಿಗೆ ಬರೀ ಗಿಡ ಮತ್ತೆ ಹುಲ್ಲಿನ ಗೀಟು. ಮೊದ್ಲು ಹಳ್ಳದ ಗೆರೆಗಳನ್ನ ತಿಳಿ ನೀಲೀಲಿ ಎಳ್ಕೊಂಡೆ, ಅದನ್ನ ಹಿಡಿದೇ ಕಣಿವೆ ಮರ ಹಾಕ್ಕೊಂಡು ಹೋದೆ, ಆಗ ಕಾಡಿನ ಅಂಚು ತಾನೇ ಬೆರಳು ಬೆರಳಾಗಿ ಬಂತು, ನಕ್ಷೆಹುಚ್ಚ ಅಣ್ಣ ಹೇಳಿದ ನಾಲಗೇನ ನಾನು ಬಿಡಿಸಲೇ ಇಲ್ಲ. ಇದು ನಂಗೇ ಆಶ್ಚರ್ಯ ಆಯ್ತು. ಜಾಲಿಮುಳ್ಳು ಮೇಡಂ, ಬಂಡೆ ಲೇಯರನ್ನ ಕಾಡಿನ ಮೇಲಕ್ಕೆ ತಂದೆ, ಈಗ ಬಂಡೆ ಹಿಂದಿಂದ ಮರ ಇಣುಕ್ತವೆ, ನಿಜವಾಗ್ಲೂ ಹಂಗೇ ಕಾಣುತ್ತಲ್ಲ ಅಲ್ಲಿ. ಮುತ್ತುಗ ನಾಲ್ಕಲ್ಲ, ಆರು ಹಾಕ್ದೆ, ಆಸೆ ತಡೀಲಿಲ್ಲ. ಹಸಿರು ಪೂರ್ತಿ ಬಿಡಲಿಲ್ಲ, ಕಣಿವೇಲಿ ಐತೆ, ಮಂಡಕ್ಕಿ ಅಣ್ಣಂಗೂ ಸಮಾಧಾನ ಆಗ್ಲಿ ಅಂತ.

ಸ್ಯಾಂಪಲ್ ಒಂದಡಿ ಹೊಡಿಸ್ದೆ. ನೆರಳು 40 ಅಂತ ಹೇಳಿದ್ರಲ್ಲ ಸರ್, ನಾನು 60 ಇಟ್ಟಿದ್ದೆ, ಸ್ಕ್ರೀನಲ್ಲಿ ಭಾರೀ ಚೆನ್ನಾಗಿತ್ತು, ಫ್ಲೆಕ್ಸಲ್ಲಿ ಕಣಿವೆ ಎಲ್ಲಾ ಬೆಂಕಿ ಬಿದ್ದ ಕಾಡಿನಂಗೆ ಬಂತು. 35ಕ್ಕೆ ಇಳಿಸಿ ಇನ್ನೊಂದು ಸ್ಯಾಂಪಲ್ ಹೊಡಿಸ್ದೆ, ಅಂಗಡಿಯೋನು ಎರಡನೇದಕ್ಕೆ ದುಡ್ಡು ತಗೊಳ್ಳಲಿಲ್ಲ, ಪುಣ್ಯಾತ್ಮ.

ಈಗ ಹೊಸ ಜಗಳ. ಬೆಟ್ಟದ ಸಾಲಿನ ಮೇಲೆ ಗಾಳಿ ಕಂಬ (ಕರೆಂಟ್ ತೆಗೆಯೋ ಗಾಳಿಯಂತ್ರ) ಹಾಕಿದೀನಿ, ದುರ್ಗ ಅಂದ್ಮೇಲೆ ಹಾಕ್ಲೇಬೇಕಲ್ಲ. ಮರ ಒಂದು ಇಂಚು, ಗಾಳಿ ಕಂಬ ಎರಡು ಇಂಚು. ತಂಗಿ ಮತ್ತೆ ಬಂದ್ಲು, "ಕಂಬ ಇಷ್ಟು ಗಿಡ್ಡಾನಾ" ಅಂತಾಳೆ.

ಸೆಂಟ್ರಾಯ್ಡ್ · ಚಿತ್ರದುರ್ಗ · ಗುರುವಾರ ರಾತ್ರಿ 10:30

ತಂಗಿನೇ ಸರಿ. ಆದ್ರೆ ಸ್ಕೇಲ್ ಹಿಡಿದು ಹೋದ್ರೆ ಕೋಟೆ ಬುರುಜೇ ಮರದ ಕೆಳಗೆ ನಿಂತಿದೆ ನಿಮ್ ನಕ್ಷೇಲಿ, ಅದಕ್ಕೇನು ಮಾಡ್ತೀರಿ.

ಜಾಲಿಮುಳ್ಳು · ಜಗಳೂರು · ಗುರುವಾರ ರಾತ್ರಿ 10:41

ಕಂಬ ಮೂರು ಇಂಚು ಮಾಡಿ ಬಿಡ್ರಿ. ನೋಡ್ದೆ, ಚೆನ್ನಾಗೈತಿ. ಒಂದೇ ಒಂದು, ಬಲಗಡೆ ನೆತ್ತಿ ಮೇಲೆ ಒಂದು ಈಚಲು ಹತ್ತಿ ಕೂತೈತಿ, ಇಳಿಸ್ರಿ ಅದನ್ನ.

ಕೋಟೆಬದಿ_ಹುಡುಗ · ಚಿತ್ರದುರ್ಗ · ಗುರುವಾರ ರಾತ್ರಿ 10:44

ಅಯ್ಯೋ, ಬ್ರಶ್ ಬದಲಾಯಿಸೋದು ಮರ್ತಿದ್ದೆ. ಪಟ್ಟಿಗಳನ್ನ ಮರ್ಜ್ ಮಾಡಿಬಿಟ್ಟಿದೀನಿ ಮೇಡಂ, ಈಗ ಅದರ ಮೇಲೆ ಒಂದು ಬಂಡೆ ಕೂರಿಸ್ತೀನಿ.